ಗಾಜು ಮುಚ್ಚಿದ ಬಾಲ್ಕನಿಯಲ್ಲಿ ಬೇಸಿಗೆಯ ಸಂಜೆಕೂಟ: ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ತೆರೆದ ಬಾಲ್ಕನಿ ಅಪರೂಪವಾಗುತ್ತಿದೆ. ಧೂಳು, ಪಾರಿವಾಳ, ಸೊಳ್ಳೆ, ಮಳೆಯ ಎರಚಲು ಇವುಗಳ ಕಾಟಕ್ಕೆ ಬೇಸತ್ತವರು ಯುಪಿವಿಸಿ ಅಥವಾ ಅಲ್ಯೂಮಿನಿಯಂ ಚೌಕಟ್ಟಿನ ಸರಿಯುವ ಗಾಜುಗಳನ್ನು ಹಾಕಿಸಿ ಅದನ್ನೊಂದು ಪುಟ್ಟ ಕೋಣೆಯಾಗಿಸಿಕೊಂಡಿದ್ದಾರೆ. ವರ್ಷದ ಬಹುಪಾಲು ಅಲ್ಲಿ ಬಟ್ಟೆ ಒಣಗುತ್ತದೆ, ಮಕ್ಕಳ ಹಳೆಯ ಸೈಕಲ್ ಮೂಲೆಗೆ ಒರಗಿರುತ್ತದೆ. ಆದರೆ ಮಾರ್ಚ್‌ನಿಂದ ಮೇ ತಿಂಗಳವರೆಗಿನ ಸಂಜೆಗಳಲ್ಲಿ ನಾಲ್ಕಾರು ಜನ ಆಪ್ತರನ್ನು ಕರೆದು ಕೂರಲು ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ, ಏಪ್ರಿಲ್‌ನ ಹಗಲು 34 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೂ ಹೊತ್ತು ಮುಳುಗಿದ ಮೇಲೆ ಹೊರಗಿನ ಗಾಳಿ ಬೇಗ ತಣಿಯುತ್ತದೆ. ತೊಂದರೆ ಇರುವುದು ಗಾಜಿನಲ್ಲಿ: ಅದು ಹಗಲಿಡೀ ಬಿಸಿಲನ್ನು ಒಳಗೆ ಬಿಟ್ಟುಕೊಂಡು, ಒಳಗೆ ಕಾದ ನೆಲ ಮತ್ತು ಗೋಡೆಗಳ ಶಾಖವನ್ನು ಹೊರಗೆ ಹೋಗಗೊಡುವುದಿಲ್ಲ.

ಬಾಲ್ಕನಿ ಅಲಂಕಾರದ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ದೀಪದ ಸರದಿಂದ ಆರಂಭವಾಗಿ ದಿಂಬಿನ ಕವರಿನಲ್ಲಿ ಮುಗಿಯುತ್ತವೆ. ಸೆಕೆಯಿಂದ ಬೆವರುತ್ತಿರುವ ಅತಿಥಿಗೆ ದೀಪದ ಸರ ಎಷ್ಟು ಚೆನ್ನಾಗಿದ್ದರೇನು? ಆದ್ದರಿಂದ ಇಲ್ಲಿ ಮೊದಲು ಬಿಸಿಲು, ನಂತರ ಗಾಳಿ, ಆಮೇಲೆ ಕೂರುವ ವ್ಯವಸ್ಥೆ, ಕೊನೆಗೆ ಬೆಳಕು, ಹೂವು ಮತ್ತು ತಿಂಡಿ ಎಂಬ ಕ್ರಮವನ್ನು ಅನುಸರಿಸಲಾಗಿದೆ. ಈ ಕ್ರಮ ಬದಲಾದರೆ ಖರ್ಚು ಹೆಚ್ಚಾಗುತ್ತದೆ, ಸುಖ ಹೆಚ್ಚಾಗುವುದಿಲ್ಲ.

ಬಿಸಿಲನ್ನು ಮಧ್ಯಾಹ್ನವೇ ತಡೆಯುವುದು

ಸಂಜೆಯ ಕೂಟದ ಕೆಲಸ ಬೆಳಗ್ಗೆಯೇ ಶುರುವಾಗಬೇಕು. ಮೊದಲು ನಿಮ್ಮ ಬಾಲ್ಕನಿ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ಗಮನಿಸಿ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳದ ಶೂನ್ಯ ನೆರಳಿನ ದಿನ ಇಲ್ಲಿ ಬರುವುದು ಆಗಲೇ. ಹೀಗಾಗಿ ದಕ್ಷಿಣದ ಬಾಲ್ಕನಿಗೆ ಆ ದಿನಗಳಲ್ಲಿ ಮೇಲಿನ ಮಹಡಿಯ ಚಪ್ಪಡಿಯೇ ಕೊಡೆಯಾಗುತ್ತದೆ. ಪೂರ್ವದ ಬಾಲ್ಕನಿ ಬೆಳಗ್ಗೆ ಕಾದು ಸಂಜೆಯ ಹೊತ್ತಿಗೆ ಸಾಕಷ್ಟು ತಣಿದಿರುತ್ತದೆ. ನಿಜವಾದ ಪರೀಕ್ಷೆ ಪಶ್ಚಿಮದ ಬಾಲ್ಕನಿಗೆ. ಮೂರು ಗಂಟೆಯಿಂದ ಆರೂವರೆಯವರೆಗೆ ಓರೆಯಾದ ಬಿಸಿಲು ಗಾಜಿನ ಮೂಲಕ ನೇರವಾಗಿ ಒಳಗೋಡೆಗೆ ಬಡಿಯುತ್ತದೆ, ಮತ್ತು ಕಾದ ಗೋಡೆ ಅತಿಥಿಗಳು ಬಂದು ಕುಳಿತ ಮೇಲೂ ಎರಡು ಮೂರು ಗಂಟೆಗಳ ಕಾಲ ಶಾಖ ಬಿಡುತ್ತಲೇ ಇರುತ್ತದೆ.

ನೆರಳನ್ನು ಗಾಜಿನ ಹೊರಗೆ ಕೊಡುವುದಕ್ಕೂ ಒಳಗೆ ಕೊಡುವುದಕ್ಕೂ ಬಹಳ ವ್ಯತ್ಯಾಸವಿದೆ. ಒಳಗಿನ ಪರದೆ ಬೆಳಕನ್ನು ತಡೆಯುತ್ತದೆಯೇ ಹೊರತು, ಶಾಖ ಅಷ್ಟರಲ್ಲಿ ಗಾಜು ದಾಟಿ ಬಂದು ಪರದೆಯನ್ನೇ ಕಾಯಿಸಿರುತ್ತದೆ. ಗಾಜಿನ ಹೊರಗೆ ಇಳಿಬಿಟ್ಟ ಬಿದಿರಿನ ತಟ್ಟಿ ಅಥವಾ ನರ್ಸರಿಗಳಲ್ಲಿ ಸಿಗುವ ಶೇಡ್ ನೆಟ್ ಶಾಖವನ್ನು ಆಚೆಯೇ ನಿಲ್ಲಿಸುತ್ತದೆ. ಆದರೆ ಕಟ್ಟಡದ ಹೊರನೋಟ ಬದಲಾಗುವ ಯಾವುದೇ ಕೆಲಸಕ್ಕೆ ಅಸೋಸಿಯೇಷನ್ನಿನ ಒಪ್ಪಿಗೆ ಬೇಕಾಗುತ್ತದೆ, ಎತ್ತರದ ಮಹಡಿಗಳಲ್ಲಿ ಗಾಳಿಯ ರಭಸಕ್ಕೆ ತಟ್ಟಿ ಕಿತ್ತು ಕೆಳಗೆ ಬೀಳುವ ಅಪಾಯವೂ ಇದೆ. ಹೊರಗೆ ಕಟ್ಟಲು ಸಾಧ್ಯವಿಲ್ಲದವರು ಬಿಳಿ ಅಥವಾ ತಿಳಿಬಣ್ಣದ ಪರದೆಯನ್ನು ಗಾಜಿಗೆ ಆದಷ್ಟು ಹತ್ತಿರ ಇಳಿಬಿಟ್ಟು, ಗಾಜನ್ನು ಒಂದಡಿಯಷ್ಟಾದರೂ ಸರಿಸಿಡಬೇಕು. ಗಾಢ ಬಣ್ಣದ ದಪ್ಪ ಪರದೆ ನೋಡಲು ಘನವಾಗಿ ಕಂಡರೂ ಈ ಕೆಲಸಕ್ಕೆ ತಕ್ಕದ್ದಲ್ಲ.

ಲಾವಂಚದ ತಟ್ಟಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಅದನ್ನು ಕೊಳ್ಳುವವರಲ್ಲಿ ಹಲವರು ಅದು ಕೆಲಸ ಮಾಡುವ ಬಗೆಯನ್ನು ಗಮನಿಸುವುದಿಲ್ಲ. ನೀರು ಚಿಮುಕಿಸಿದ ಬೇರಿನ ಹೆಣಿಗೆಯ ಮೂಲಕ ಒಣಗಾಳಿ ಹಾಯುವಾಗ ನೀರು ಆವಿಯಾಗಿ ಗಾಳಿ ತಣ್ಣಗಾಗುತ್ತದೆ, ಜೊತೆಗೆ ಬೇರಿನ ಕಂಪು ಮನೆಯೆಲ್ಲ ಹರಡುತ್ತದೆ. ಮುಚ್ಚಿದ ಗಾಜಿನ ಹಿಂದೆ ತೂಗುಹಾಕಿದ ತಟ್ಟಿಯ ಮೂಲಕ ಗಾಳಿಯೇ ಹಾಯುವುದಿಲ್ಲ. ಅದು ಸುಮ್ಮನೆ ಕೋಣೆಯ ತೇವವನ್ನು ಹೆಚ್ಚಿಸಿ ಬೆವರು ಆರದಂತೆ ಮಾಡುತ್ತದೆ. ತೆರೆದ ಕಿಟಕಿಯ ಕಂಡಿಗೆ ಸರಿಯಾಗಿ ತಟ್ಟಿಯನ್ನು ಇಳಿಬಿಟ್ಟು ನಾಲ್ಕು ಗಂಟೆಯ ಸುಮಾರಿಗೆ ನೀರು ಹಾಕಿದರೆ ಬೆಂಗಳೂರಿನಲ್ಲಿ ಫಲ ಕಾಣುತ್ತದೆ, ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಒಣ ಸೆಕೆಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಮಂಗಳೂರು, ಉಡುಪಿಯ ತೇವದ ಗಾಳಿಯಲ್ಲಿ ನೀರು ಆವಿಯಾಗುವುದೇ ನಿಧಾನವಾದ್ದರಿಂದ ಅಲ್ಲಿನವರು ಲಾವಂಚಕ್ಕೆ ಹಣ ಹಾಕುವ ಬದಲು ಇನ್ನೊಂದು ಫ್ಯಾನ್ ಕೊಳ್ಳುವುದು ಮೇಲು.

ಬಿಸಿಲು ಇಳಿಯುತ್ತಿದ್ದಂತೆ, ಅಂದರೆ ಐದೂವರೆಯ ಹೊತ್ತಿಗೆ, ಎಲ್ಲ ಗಾಜುಗಳನ್ನು ಸರಿಸಿ ನೆಲಕ್ಕೆ ಒಂದು ಬಕೆಟ್ ನೀರು ಹಾಕಿ ಒರೆಸಿಬಿಡಿ. ಅತಿಥಿಗಳು ಬರುವಷ್ಟರಲ್ಲಿ ನೆಲ ಪೂರ್ತಿ ಒಣಗಿರಬೇಕು. ಒದ್ದೆ ಟೈಲ್ಸ್ ಮೇಲೆ ಕಾಲು ಜಾರುತ್ತದೆ.

ಗಾಳಿಗೆ ದಾರಿ ಮಾಡಿಕೊಡುವುದು

ಸುಮ್ಮನೆ ಕುಳಿತಿರುವ ಒಬ್ಬ ವಯಸ್ಕ ವ್ಯಕ್ತಿಯ ದೇಹ ಸುಮಾರು 100 ವಾಟ್‌ನಷ್ಟು ಶಾಖವನ್ನು ಹೊರಹಾಕುತ್ತದೆ. ಎಂಟು ಜನ ಕುಳಿತರೆಂದರೆ ಚಳಿಗಾಲದಲ್ಲಿ ಬಳಸುವ ಸಣ್ಣ ರೂಮ್ ಹೀಟರ್ ಒಂದನ್ನು ಹಚ್ಚಿಟ್ಟಂತೆಯೇ ಸರಿ. ಐದಡಿ ಅಗಲ, ಹನ್ನೆರಡಡಿ ಉದ್ದದ ಬಾಲ್ಕನಿಯಲ್ಲಿ ಈ ಶಾಖ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಒಬ್ಬೊಬ್ಬರೇ ಎದ್ದು ಹಾಲಿನ ಎಸಿಯ ಕೆಳಗೆ ಹೋಗಿ ನಿಲ್ಲುತ್ತಾರೆ.

ಗಾಳಿ ಒಳಗೆ ಬರಬೇಕಾದರೆ ಹೊರಗೆ ಹೋಗಲು ಇನ್ನೊಂದು ದಾರಿ ಇರಬೇಕು. ಎರಡು ಹಳಿಯ ಸರಿಯುವ ಕಿಟಕಿಯಲ್ಲಿ ಅರ್ಧ ಭಾಗ ಮಾತ್ರ ತೆರೆಯುತ್ತದೆ, ಮೂರು ಹಳಿ ಮೂರು ಬಾಗಿಲಿನದಾದರೆ ಮೂರನೇ ಎರಡರಷ್ಟು. ಇನ್ನೂ ಗಾಜು ಹಾಕಿಸದವರು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಮೂರು ಹಳಿಯದನ್ನೇ ಕೇಳಿ ಪಡೆಯಬೇಕು. ಈಗಾಗಲೇ ಹಾಕಿಸಿದವರು ಎರಡೂ ತುದಿಗಳಲ್ಲಿ ಕಂಡಿ ಉಳಿಯುವಂತೆ ಗಾಜುಗಳನ್ನು ನಡುವಿಗೆ ಸರಿಸಲು ಬರುತ್ತದೆಯೇ ಎಂದು ನೋಡಬೇಕು. ನಡುವೆ ಒಂದೇ ದೊಡ್ಡ ಕಂಡಿ ಇರುವುದಕ್ಕಿಂತ ತುದಿಗಳಲ್ಲಿ ಎರಡು ಸಣ್ಣ ಕಂಡಿಗಳಿದ್ದರೆ ಗಾಳಿ ಬಾಲ್ಕನಿಯ ಉದ್ದಕ್ಕೂ ಹರಿಯುತ್ತದೆ.

ಇದಕ್ಕಿಂತಲೂ ಬಲವಾದ ಉಪಾಯ ಅಡುಗೆಮನೆಯಲ್ಲಿದೆ. ಮಲಗುವ ಕೋಣೆಗಳ ಬಾಗಿಲು ಮತ್ತು ಉಳಿದ ಕಿಟಕಿಗಳನ್ನೆಲ್ಲ ಮುಚ್ಚಿ, ಬಾಲ್ಕನಿಯಿಂದ ಹಾಲಿಗೆ ಬರುವ ಬಾಗಿಲನ್ನೂ ಅಡುಗೆಮನೆಯ ಬಾಗಿಲನ್ನೂ ತೆರೆದಿಟ್ಟು, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ. ಅದು ಹೊರಗೆ ತಳ್ಳುವ ಗಾಳಿಯ ಜಾಗಕ್ಕೆ ಹೊಸ ಗಾಳಿ ಬರಲು ಬಾಲ್ಕನಿಯೊಂದೇ ದಾರಿ ಉಳಿದಿರುವುದರಿಂದ ಹೊರಗಿನ ತಂಪು ಅತಿಥಿಗಳನ್ನು ಹಾದೇ ಮನೆಯೊಳಗೆ ಬರುತ್ತದೆ. ಕಂಡಿಯ ಬಳಿ ಒಂದು ತೆಳುವಾದ ಟಿಶ್ಯೂ ಕಾಗದ ಹಿಡಿದು ನೋಡಿ: ಅದು ಒಳಮುಖವಾಗಿ ಬಾಗಿದರೆ ವ್ಯವಸ್ಥೆ ಸರಿಯಾಗಿದೆ, ನೇತಾಡುತ್ತ ಸುಮ್ಮನಿದ್ದರೆ ಎಲ್ಲೋ ಇನ್ನೊಂದು ಕಿಟಕಿ ತೆರೆದಿದೆ ಎಂದು ತಿಳಿಯಬೇಕು.

ಸೊಳ್ಳೆಪರದೆಯ ಜಾಲರಿ ಧೂಳು ಹಿಡಿದಿದ್ದರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ. ಹಿಂದಿನ ದಿನವೇ ಅದನ್ನು ಒದ್ದೆಬಟ್ಟೆಯಿಂದ ಎರಡೂ ಕಡೆ ಒರೆಸಿಡಿ. ಫ್ಯಾನ್ ಬೇಕೇ ಬೇಕು. ಬಾಲ್ಕನಿಯ ಚಾವಣಿಯಲ್ಲಿ ಕೊಕ್ಕೆ ಇಲ್ಲದವರು ಗೋಡೆಗೆ ಹಾಕುವ ಫ್ಯಾನನ್ನು ಒಂದು ತುದಿಯಲ್ಲಿ ಏಳಡಿ ಎತ್ತರಕ್ಕೆ ಹಾಕಿಸಿದರೆ ಜಾಗವೂ ಉಳಿಯುತ್ತದೆ, ವೈರು ಕಾಲಿಗೆ ತೊಡರುವುದೂ ಇಲ್ಲ.

ಎಷ್ಟು ಜನ, ಎಲ್ಲಿ ಕೂರುವುದು

ಐದಡಿ ಅಗಲದ ಬಾಲ್ಕನಿಗೆ ಆರು ಜನ ಹಿತ, ಎಂಟು ಜನ ಮಿತಿ. ಹತ್ತು ಜನರನ್ನು ಕರೆಯಲೇಬೇಕೆಂದಿದ್ದರೆ ಹಾಲಿನ ಬಾಗಿಲನ್ನು ತೆಗೆದಿಟ್ಟು ಎರಡೂ ಜಾಗಗಳನ್ನು ಒಂದಾಗಿ ಬಳಸಬೇಕು.

ಭಾರದ ಪ್ರಶ್ನೆಯನ್ನು ಹಲವರು ಕೇಳುತ್ತಾರೆ. ಮನೆಗಳ ಬಾಲ್ಕನಿಯನ್ನು ಪ್ರತಿ ಚದರ ಮೀಟರಿಗೆ 3 ಕಿಲೋನ್ಯೂಟನ್, ಅಂದರೆ ಸುಮಾರು 300 ಕಿಲೋದಷ್ಟು ಚರಭಾರಕ್ಕೆ (ಜನ, ಸಾಮಾನುಗಳಂಥ ಬಂದುಹೋಗುವ ಭಾರಕ್ಕೆ) ವಿನ್ಯಾಸ ಮಾಡಬೇಕೆಂದು ಭಾರತೀಯ ಮಾನಕ ಐಎಸ್ 875 ಹೇಳುತ್ತದೆ. ಸರಿಯಾಗಿ ಕಟ್ಟಿದ ಬಾಲ್ಕನಿಗೆ ಎಂಟು ಜನ ಭಾರವೇನಲ್ಲ. ಆದರೆ ಗಾಜು, ಚೌಕಟ್ಟು, ಗ್ರಾನೈಟ್ ಕಟ್ಟೆ ಮತ್ತು ಮಣ್ಣಿನ ಕುಂಡಗಳು ಕೂಟ ಮುಗಿದ ಮೇಲೂ ಅಲ್ಲೇ ಇರುತ್ತವೆ. ನೀರು ಕುಡಿದ ಮಣ್ಣು ತುಂಬಿದ ಹನ್ನೆರಡು ಇಂಚಿನ ಒಂದು ಕುಂಡ 20 ಕಿಲೋ ದಾಟುತ್ತದೆ. ಅಂಥವನ್ನು ಹೊರ ಅಂಚಿನಲ್ಲಿ ಸಾಲಾಗಿ ಇಡುವ ಬದಲು ಮನೆಯ ಗೋಡೆಯ ಬದಿಗೆ ಇಡುವುದು, ಮಣ್ಣಿಗೆ ಅರ್ಧದಷ್ಟು ತೆಂಗಿನ ನಾರಿನ ಪುಡಿ ಬೆರೆಸಿ ಹಗುರ ಮಾಡುವುದು ಜಾಣತನ. ಹಳೆಯ ಕಟ್ಟಡವಾಗಿದ್ದು ಬಾಲ್ಕನಿಯ ಕೆಳಮೈಯಲ್ಲಿ ಸಿಮೆಂಟು ಉದುರಿ ಕಂಬಿ ಕಾಣುತ್ತಿದ್ದರೆ ಕೂಟದ ಯೋಚನೆಯನ್ನು ಬಿಟ್ಟು ಇಂಜಿನಿಯರನ್ನು ಕರೆಸಬೇಕು.

ಎದುರುಬದುರು ಕುರ್ಚಿ ಹಾಕಿದರೆ ಐದಡಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗುತ್ತದೆ, ನಡುವೆ ಯಾರೂ ಓಡಾಡಲಾಗುವುದಿಲ್ಲ. ಮನೆಯ ಗೋಡೆಗೆ ಒತ್ತಿ ಹದಿನೈದು ಹದಿನಾರು ಇಂಚು ಅಗಲದ ಉದ್ದ ಬೆಂಚು, ಒಂದು ತುದಿಯಲ್ಲಿ ನೆಲದ ಹಾಸು, ಇನ್ನೊಂದು ತುದಿಯಲ್ಲಿ ಎರಡು ಗಿಡ್ಡ ಬೆತ್ತದ ಸ್ಟೂಲು ಎಂಬ ಏರ್ಪಾಡು ಇದಕ್ಕೆ ತಕ್ಕ ಪರಿಹಾರ. ಹಳೆಯ ಮನೆಗಳ ಜಗಲಿಯಲ್ಲಿ ಜನ ಕೂರುತ್ತಿದ್ದುದೂ ಹೀಗೆಯೇ, ಗೋಡೆಗೆ ಬೆನ್ನು ಕೊಟ್ಟು ಬೀದಿಗೆ ಮುಖ ಮಾಡಿ. ಮಂಡಿನೋವಿನ ಹಿರಿಯರು ಬರುವವರಿದ್ದರೆ ಅವರಿಗಾಗಿ ಕೈಯಿರುವ ಒಂದು ಗಟ್ಟಿ ಕುರ್ಚಿಯನ್ನು ಹಾಲಿನ ಬಾಗಿಲಿಗೆ ಹತ್ತಿರ ಹಾಕಿ. ನೆಲದ ಹಾಸಿಗೆ ನವಲಗುಂದದ ಜಮಖಾನ ಸಿಕ್ಕರೆ ಬೇರೆ ಅಲಂಕಾರವೇ ಬೇಡ. ಅದರ ಗಾಢ ಬಣ್ಣಗಳೂ ರೇಖೆಗಳೂ ಪುಟ್ಟ ಜಾಗವನ್ನು ತುಂಬಿಕೊಳ್ಳುತ್ತವೆ. ದಿಂಬುಗಳಿಗೆ ಗುಳೇದಗುಡ್ಡದ ಖಣದ ಕವರು, ಬೆಂಚಿಗೆ ಹಳೆಯ ಇಳಕಲ್ ಸೀರೆಯ ಸೆರಗನ್ನು ಹೊಲಿಸಿದ ಹಾಸು ಚೆನ್ನಾಗಿ ಒಪ್ಪುತ್ತವೆ. ಮೈಗೆ ತಾಗುವ ಬಟ್ಟೆಯೆಲ್ಲ ಹತ್ತಿಯದೇ ಆಗಿರಲಿ. ವೆಲ್ವೆಟ್ ಮತ್ತು ಪಾಲಿಯೆಸ್ಟರ್ ಬೆನ್ನನ್ನು ಬೆವರಿಸುತ್ತವೆ.

ಮಕ್ಕಳಿರುವ ಮನೆಗಳಲ್ಲಿ ಒಂದು ವಿಷಯದಲ್ಲಿ ರಾಜಿ ಮಾಡಿಕೊಳ್ಳಬಾರದು. ತಡೆಗೋಡೆ ಒಂದು ಮೀಟರ್ ಎತ್ತರವಿದೆ ಎಂದುಕೊಳ್ಳಿ. 45 ಸೆಂಟಿಮೀಟರ್ ಎತ್ತರದ ಸ್ಟೂಲನ್ನು ಅದಕ್ಕೆ ತಾಗಿಸಿ ಇಟ್ಟರೆ, ಸ್ಟೂಲಿನ ಮೇಲೆ ನಿಂತ ಮಗುವಿಗೆ ಉಳಿಯುವ ತಡೆ 55 ಸೆಂಟಿಮೀಟರ್ ಮಾತ್ರ, ಅದೂ ಗಾಜು ಸರಿಸಿಟ್ಟ ಸಂಜೆಯಲ್ಲಿ. ಹತ್ತಬಹುದಾದ ಯಾವ ವಸ್ತುವೂ ಹೊರಗೋಡೆಯ ಬದಿಗೆ ಇರಕೂಡದು. ಅದೇ ರೀತಿ ಕಿಟಕಿಯ ಅಂಚಿನ ಮೇಲೆ ಲೋಟ, ಕುಂಡ, ಫೋನು ಇಡುವುದನ್ನೂ ತಡೆಯಬೇಕು. ಕೆಳಗೆ ಜನ ಓಡಾಡುತ್ತಿರುತ್ತಾರೆ.

ಬೆಳಕು

ಗಾಜಿನ ಬಾಲ್ಕನಿಯಲ್ಲಿ ಬೆಳಕಿನ ಸ್ವಭಾವವೇ ಬೇರೆ. ಹೊರಗೆ ಕತ್ತಲಾಗಿ ಒಳಗೆ ಪ್ರಖರ ದೀಪ ಹೊತ್ತಿಕೊಂಡ ಕೂಡಲೇ ಗಾಜು ಕನ್ನಡಿಯಾಗುತ್ತದೆ. ಎದುರಿನ ಮರ, ಬೀದಿ, ಆಕಾಶ ಎಲ್ಲವೂ ಮಾಯವಾಗಿ ಅತಿಥಿಗಳಿಗೆ ಕಾಣುವುದು ತಮ್ಮದೇ ಮುಖ, ತಲೆಯ ಮೇಲಿನ ಟ್ಯೂಬ್‌ಲೈಟು ಮತ್ತು ಹಿಂದಿನ ಗೋಡೆಯ ಮೀಟರ್ ಬಾಕ್ಸು. ಹೊರಗಿನವರಿಗಾದರೋ ಒಳಗಿನದೆಲ್ಲ ನಿಚ್ಚಳವಾಗಿ ಕಾಣುತ್ತಿರುತ್ತದೆ. ಆದ್ದರಿಂದ ಚಾವಣಿಯ ದೀಪವನ್ನು ಆರಿಸಿ, ಬೆಳಕಿನ ಮೂಲಗಳನ್ನೆಲ್ಲ ಕುಳಿತವರ ಕಣ್ಣಿನ ಮಟ್ಟಕ್ಕಿಂತ ಕೆಳಗೆ ತನ್ನಿ. ಬೆಂಚಿನ ಅಡಿಯಲ್ಲಿ ಎಳೆದ ಎಲ್‌ಇಡಿ ಪಟ್ಟಿ, ಕುಂಡಗಳ ಹಿಂದೆ ಬಚ್ಚಿಟ್ಟ ಸಣ್ಣ ದೀಪ, ನೆಲದ ಮೇಲಿನ ಒಂದು ಲಾಟೀನು ಸಾಕು. ಹಾಲಿನ ದೀಪವನ್ನೂ ತಗ್ಗಿಸಬೇಕು ಅಥವಾ ನಡುವಿನ ಪರದೆಯನ್ನು ಅರ್ಧ ಎಳೆಯಬೇಕು. ಹಾಗೆ ಮಾಡಿದಾಗ ಗಾಜಿನ ಪ್ರತಿಬಿಂಬ ಕರಗಿ ಹೊರಗಿನ ಬೆಳಕುಗಳು ಮತ್ತೆ ಕಾಣಿಸಿಕೊಳ್ಳುತ್ತವೆ.

ದೀಪ ಕೊಳ್ಳುವಾಗ ಪೆಟ್ಟಿಗೆಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದು ನಮೂದಾಗಿರುವ ಹಳದಿಛಾಯೆಯದನ್ನೇ ಆರಿಸಿ. 6500 ಕೆಲ್ವಿನ್‌ನ ನೀಲಿಬಿಳಿ ಬೆಳಕು ಮುಖವನ್ನು ಪೇಲವವಾಗಿ ತೋರಿಸುವುದಲ್ಲದೆ ಹುಳುಗಳನ್ನೂ ಹೆಚ್ಚು ಸೆಳೆಯುತ್ತದೆ. ಮೊದಲ ಮಳೆ ಬಿದ್ದ ಮಾರನೆಯ ಸಂಜೆ ಮಳೆಹುಳುಗಳು ಏಳುವ ಹೊತ್ತಿನಲ್ಲಿ ಈ ವ್ಯತ್ಯಾಸ ಯಾರಿಗೂ ಹೇಳಿಕೊಡದೆಯೇ ತಿಳಿಯುತ್ತದೆ.

ಮೇಣದಬತ್ತಿ, ಎಣ್ಣೆದೀಪಗಳನ್ನು ಮಿತವಾಗಿ ಬಳಸಬೇಕು. ಒಂದೊಂದೂ ಹತ್ತಾರು ವಾಟ್‌ನಷ್ಟು ಶಾಖ ಬಿಡುತ್ತದೆ, ಫ್ಯಾನಿನ ಗಾಳಿಗೆ ಹೊಗೆ ಕಾರುತ್ತದೆ, ಹಾರಾಡುವ ಪರದೆಯ ಬದಿಯಲ್ಲಂತೂ ಅಪಾಯಕಾರಿ. ಇನ್ನು ಇದ್ದಿಲ ಒಲೆ, ಬಾರ್ಬೆಕ್ಯೂಗಳನ್ನು ಗಾಜು ಮುಚ್ಚಿದ ಜಾಗದಲ್ಲಿ ಹಚ್ಚಲೇಬಾರದು. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಕಿಟಕಿ ಅರ್ಧ ತೆರೆದಿದೆ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಹೂವು, ಪರಿಮಳ, ಸೊಳ್ಳೆ

ಬೇಸಿಗೆಯ ಸಂಜೆಗೆ ಮಲ್ಲಿಗೆಯನ್ನು ಮೀರಿಸುವ ಹೂವಿಲ್ಲ, ಮತ್ತು ಅದರ ಸಮಯವೂ ಇದೇ. ಮಾರುಕಟ್ಟೆಯಿಂದ ಮಧ್ಯಾಹ್ನವೇ ನಾಲ್ಕು ಮೊಳ ಬಿಗಿ ಮೊಗ್ಗಿನ ಮಾಲೆ ತಂದು, ಒದ್ದೆಬಟ್ಟೆಯಲ್ಲಿ ಸುತ್ತಿ ತಂಪಾದ ಜಾಗದಲ್ಲಿಟ್ಟಿರಿ. ಆರು ಗಂಟೆಗೆ ಅದನ್ನು ಬಿಡಿಸಿ ನೀರು ತುಂಬಿದ, ಅಗಲ ಬಾಯಿಯ ಹಿತ್ತಾಳೆಯ ಉರುಳಿಯ ಅಂಚಿಗೆ ಸುತ್ತಿದರೆ ಏಳು, ಏಳೂವರೆಗೆ ಮೊಗ್ಗುಗಳು ಬಿರಿಯಲಾರಂಭಿಸುತ್ತವೆ. ಅತಿಥಿಗಳು ಬಂದಾಗ ಇಲ್ಲದ ಪರಿಮಳ ಅವರು ಮಾತಿನಲ್ಲಿ ಮುಳುಗಿರುವಾಗ ತಾನಾಗಿ ತುಂಬಿಕೊಳ್ಳುತ್ತದೆ. ಗಿಡವನ್ನೇ ಬೆಳೆಸುವ ಆಸೆಯಿರುವವರು ದುಂಡುಮಲ್ಲಿಗೆಯನ್ನು ಆರಿಸಬಹುದು. ಅದಕ್ಕೆ ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಬೇಕಾದ್ದರಿಂದ ಉತ್ತರದ ಬಾಲ್ಕನಿಯಲ್ಲಿ ಎಲೆ ಬಿಡುತ್ತದೆ, ಹೂ ಬಿಡುವುದಿಲ್ಲ. ಅಂಥಲ್ಲಿ ಮನಿಪ್ಲಾಂಟ್, ದೊಡ್ಡಪತ್ರೆಗಳಿಗೆ ತೃಪ್ತರಾಗಬೇಕು. ರಾತ್ರಿರಾಣಿ ತೆರೆದ ಅಂಗಳದ ಗಿಡ. ನಾಲ್ಕು ಗಾಜಿನ ನಡುವೆ ಅದರ ವಾಸನೆ ತಲೆನೋವು ತರಿಸುತ್ತದೆ.

ಒಂದು ಸಲಕ್ಕೆ ಒಂದೇ ಪರಿಮಳ ಇರಲಿ. ಮಲ್ಲಿಗೆ ಇರುವಲ್ಲಿ ಊದುಬತ್ತಿ ಬೇಡ. ಹಚ್ಚಲೇಬೇಕೆಂದರೆ ಅತಿಥಿಗಳು ಬರುವ ಅರ್ಧ ಗಂಟೆ ಮೊದಲು ಹಚ್ಚಿ ಆರಿಸಿಬಿಡಿ.

ಸೊಳ್ಳೆಯ ವಿಚಾರದಲ್ಲಿ ಗಂಟೆ ಮುಖ್ಯ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ, ಅದರಲ್ಲೂ ಬೆಳಗಿನ ಹೊತ್ತು ಮತ್ತು ಸೂರ್ಯಾಸ್ತಕ್ಕೆ ಮೊದಲಿನ ಗಂಟೆಗಳಲ್ಲಿ ಹೆಚ್ಚು ಕಚ್ಚುತ್ತದೆ. ಕತ್ತಲಾದ ಮೇಲೆ ಕ್ಯೂಲೆಕ್ಸ್‌ನ ಸರದಿ. ಆದ್ದರಿಂದ ಐದೂವರೆಯಿಂದ ಏಳರವರೆಗೆ ಗಾಜು ತೆರೆದಿದ್ದರೂ ಜಾಲರಿ ಮುಚ್ಚಿರಬೇಕು. ಸೊಳ್ಳೆಬತ್ತಿಯ ಹೊಗೆಯನ್ನು ಇಷ್ಟು ಚಿಕ್ಕ ಜಾಗದಲ್ಲಿ ಕುಡಿಯುತ್ತ ಕೂರುವುದಕ್ಕಿಂತ, ಒಂದು ಟೇಬಲ್ ಫ್ಯಾನನ್ನು ನೆಲದ ಮಟ್ಟದಲ್ಲಿ ಕಾಲುಗಳ ಕಡೆಗೆ ತಿರುಗಿಸಿಡುವುದು ಉತ್ತಮ. ಸೊಳ್ಳೆ ದುರ್ಬಲ ಹಾರಾಟಗಾರ್ತಿ, ಬೀಸುವ ಗಾಳಿಯಲ್ಲಿ ಅದಕ್ಕೆ ಕೂರಲಾಗುವುದಿಲ್ಲ.

ತಿಂಡಿ ಮತ್ತು ಪಾನೀಯ

ಇಲ್ಲಿ ನಿಯಮ ಒಂದೇ: ಅತಿಥಿಗಳು ಬಂದ ಮೇಲೆ ಒಲೆ ಹಚ್ಚುವಂತಿರಬಾರದು. ಬಿಸಿಬಿಸಿ ಮೆಣಸಿನಕಾಯಿ ಬಜ್ಜಿಯ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಅದಕ್ಕಾಗಿ ಮನೆಯವರೊಬ್ಬರು ಇಡೀ ಸಂಜೆ ಬಾಣಲೆಯ ಮುಂದೆ ನಿಲ್ಲಬೇಕಾಗುತ್ತದೆ, ಕಾದ ಎಣ್ಣೆಯ ಜಿಡ್ಡು ಮನೆಯಲ್ಲೆಲ್ಲ ಹರಡುತ್ತದೆ. ಎಣ್ಣೆಯ ತಿಂಡಿ ಬೇಕೆಂದಿದ್ದರೆ ಐದು ಗಂಟೆಗೇ ಅಂಬೊಡೆ ಕರಿದಿಡಿ. ಅದು ಆರಿದರೂ ರುಚಿ ಕೆಡದ ತಿಂಡಿ.

ಪಾನಕ ಮತ್ತು ನೀರುಮಜ್ಜಿಗೆ ಎರಡೂ ಇರಲಿ. ಒಂದು ಲೀಟರ್ ನೀರಿಗೆ 150ರಿಂದ 200 ಗ್ರಾಂ ಬೆಲ್ಲ ಕರಗಿಸಿ, ಸೋಸಿ, ಕುಟ್ಟಿದ ಏಲಕ್ಕಿ, ಒಣಶುಂಠಿ ಮತ್ತು ಚಿಟಿಕೆ ಕಾಳುಮೆಣಸಿನ ಪುಡಿ ಸೇರಿಸಿ ಬೆಳಗ್ಗೆಯೇ ಫ್ರಿಜ್ಜಿನಲ್ಲಿಡಬಹುದು. ನಿಂಬೆರಸವನ್ನು ಮಾತ್ರ ಕೊಡುವ ಮುನ್ನ ಹಿಂಡಬೇಕು. ಮಜ್ಜಿಗೆಗೆ ಗಟ್ಟಿ ಮೊಸರನ್ನು ತಣ್ಣಗಿಟ್ಟುಕೊಂಡು, ಒಂದು ಪಾಲು ಮೊಸರಿಗೆ ಮೂರು ನಾಲ್ಕು ಪಾಲು ನೀರು ಹಾಕಿ ಆಗಲೇ ಕಡೆಯುವುದು ಒಳ್ಳೆಯದು. ಮುಂಚೆಯೇ ಮಾಡಿಟ್ಟರೆ ಸೆಕೆಗೆ ಹುಳಿಯಾಗುತ್ತದೆ. ಹಸಿಮೆಣಸು, ಶುಂಠಿ, ಕರಿಬೇವು, ಕೊತ್ತಂಬರಿ ಸೊಪ್ಪನ್ನು ಉಪ್ಪಿನೊಂದಿಗೆ ಜಜ್ಜಿ ಬೆರೆಸಿ, ಇಂಗಿನ ಒಗ್ಗರಣೆ ಕೊಡಿ. ಕರಾವಳಿಯ ನೆಂಟರಿದ್ದರೆ ಪುನರ್ಪುಳಿ ಶರಬತ್ತನ್ನು ಮರೆಯದಿರಿ. ಕುಡಿಯುವ ನೀರಿಗೆ ಮಣ್ಣಿನ ಹೂಜಿ ಇಟ್ಟರೆ ಅಂದವೂ ಹೌದು, ತಂಪೂ ಹೌದು. ಅದು ತಣ್ಣಗಾಗುವುದು ಮೈಯಿಂದ ಜಿನುಗಿದ ನೀರು ಗಾಳಿಗೆ ಆರುವುದರಿಂದ. ಹಾಗಾಗಿ ಅದನ್ನು ಮೂಲೆಯಲ್ಲಿ ಬಚ್ಚಿಡದೆ ಗಾಳಿ ಹಾಯುವ ದಾರಿಯಲ್ಲಿ, ನೆರಳಿನಲ್ಲಿ, ಬೆಳಗ್ಗೆಯೇ ತುಂಬಿಡಬೇಕು.

ಸಂಜೆಯ ನಡುವಿನ ಆಕರ್ಷಣೆಯಾಗಿ ಚುರುಮುರಿಯನ್ನು ಅತಿಥಿಗಳ ಎದುರಿಗೇ ಕಲಸುವುದಕ್ಕಿಂತ ಚೆನ್ನಾದದ್ದು ನನಗೆ ಕಂಡಿಲ್ಲ. ಕಡ್ಲೆಪುರಿ, ಹೆಚ್ಚಿದ ಈರುಳ್ಳಿ, ಟೊಮೆಟೊ, ತುರಿದ ಕ್ಯಾರೆಟ್, ಸಣ್ಣಗೆ ಕೊಚ್ಚಿದ ತೋತಾಪುರಿ ಮಾವಿನಕಾಯಿ, ಕಾಂಗ್ರೆಸ್ ಕಡಲೆಬೀಜ, ಖಾರದಪುಡಿ, ಉಪ್ಪು, ಕೊಬ್ಬರಿ ಎಣ್ಣೆ ಇವನ್ನೆಲ್ಲ ಬೇರೆಬೇರೆ ಬಟ್ಟಲುಗಳಲ್ಲಿ ಜೋಡಿಸಿಡಿ. ಅಗಲವಾದ ಪಾತ್ರೆಯಲ್ಲಿ ಮೊದಲು ಈರುಳ್ಳಿ, ಮಾವಿನಕಾಯಿಗೆ ಉಪ್ಪು, ಖಾರ, ಎಣ್ಣೆ ಹಾಕಿ ಕೈಯಿಂದ ಹಿಸುಕಿ, ಕೊನೆಗೆ ಪುರಿ ಸುರಿದು ನಾಲ್ಕು ಬಾರಿ ಮೇಲೆ ಕೆಳಗೆ ಮಾಡಿ ಕೂಡಲೇ ದೊನ್ನೆಗಳಿಗೆ ಹಾಕಿ ಕೊಡಬೇಕು. ಐದು ನಿಮಿಷ ತಡವಾದರೆ ಪುರಿ ಮೆತ್ತಗಾಗುತ್ತದೆ. ಆದ್ದರಿಂದ ಮೂರು ನಾಲ್ಕು ಜನರಿಗಾಗುವಷ್ಟನ್ನು ಮಾತ್ರ ಒಂದು ಸಲಕ್ಕೆ ಕಲಸಿ. ಕೋಸಂಬರಿಗೂ ಇದೇ ಎಚ್ಚರಿಕೆ ಬೇಕು: ನೆನೆದ ಹೆಸರುಬೇಳೆ, ಸೌತೆಕಾಯಿ, ತೆಂಗಿನತುರಿ ಸಿದ್ಧವಿದ್ದರೂ ಉಪ್ಪನ್ನು ಬಡಿಸುವಾಗಲೇ ಹಾಕಬೇಕು, ಇಲ್ಲವಾದರೆ ಸೌತೆ ನೀರು ಬಿಡುತ್ತದೆ. ಮತ್ತು ತೆಂಗಿನತುರಿ ಬೆರೆತ ಏನನ್ನೂ ಈ ಸೆಕೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬಾರದು.

ಊಟದವರೆಗೂ ಉಳಿಯುವವರಿದ್ದರೆ ಮಾವಿನಕಾಯಿ ಚಿತ್ರಾನ್ನ ಮತ್ತು ಮೊಸರನ್ನ ಸಾಕು. ಮೊಸರನ್ನಕ್ಕೆ ಹಾಲನ್ನೇ ಹೆಚ್ಚಾಗಿ ಹಾಕಿ ಮೊಸರನ್ನು ಎರಡು ಸೌಟು ಮಾತ್ರ ಬೆರೆಸಿದರೆ ರಾತ್ರಿಯ ಹೊತ್ತಿಗೆ ಹದವಾಗಿರುತ್ತದೆ. ಜೊತೆಗೆ ಮಲೆನಾಡಿನ ಅಪ್ಪೆಮಿಡಿ ಉಪ್ಪಿನಕಾಯಿ, ಮೇ ತಿಂಗಳಾಗಿದ್ದರೆ ಕೊನೆಗೆ ರಸಪೂರಿ ಅಥವಾ ಬಾದಾಮಿ ಮಾವಿನ ಹೋಳು. ಅಡಿಕೆ ಹಾಳೆಯ ತಟ್ಟೆ ಬಳಸಿದರೆ ತೊಡೆಯ ಮೇಲಿಟ್ಟುಕೊಂಡು ತಿನ್ನಲು ಗಟ್ಟಿಯಾಗಿರುತ್ತದೆ, ಪಾತ್ರೆ ತೊಳೆಯುವ ಕೆಲಸವೂ ಉಳಿಯುತ್ತದೆ.

ಮಳೆ, ಸದ್ದು, ನೆರೆಹೊರೆ

ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗುಮಳೆ ಹೇಳದೆ ಕೇಳದೆ ಬರುತ್ತದೆ. ಅಶ್ವಿನಿ, ಭರಣಿ ಮಳೆಗಳ ಕಾಲವಲ್ಲವೇ. ಬಾಲ್ಕನಿಗೆ ಗಾಜಿದೆ ಎಂಬ ನೆಮ್ಮದಿಯಲ್ಲಿ ಅನೇಕರು ಕಿಟಕಿಯ ಹಳಿಯನ್ನು ಮರೆತಿರುತ್ತಾರೆ. ಆ ಹಳಿಯ ಹೊರಬದಿಯಲ್ಲಿ ನೀರು ಹೋಗಲು ಸಣ್ಣ ಸೀಳುಗಳಿರುತ್ತವೆ. ಬೇಸಿಗೆಯ ಧೂಳು, ಪಾರಿವಾಳದ ಪುಕ್ಕ ಸೇರಿ ಅವು ಕಟ್ಟಿಕೊಂಡರೆ ಮಳೆನೀರು ಹಳಿಯಲ್ಲಿ ತುಂಬಿ ಒಳಗೆ ಚೆಲ್ಲುತ್ತದೆ, ಜಮಖಾನ ತೋಯುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಹಳಿಯನ್ನು ಉಜ್ಜಿ, ಒಂದು ಚೊಂಬು ನೀರು ಸುರಿದು ಅದು ಹೊರಗೆ ಹರಿಯುವುದನ್ನು ಖಚಿತಪಡಿಸಿಕೊಳ್ಳಿ. ನೆಲದ ಮೇಲೆ ಪ್ಲಗ್ ಪಟ್ಟಿ ಇಡಬಾರದು, ಗೋಡೆಗೆ ತೂಗುಹಾಕಬೇಕು. ಸಿಡಿಲು ಹತ್ತಿರವಾದಾಗ ಪ್ಲಗ್‌ಗಳನ್ನು ಕಿತ್ತು ಎಲ್ಲರೂ ಹಾಲಿಗೆ ಸರಿಯುವುದೇ ಸರಿ. ಗಾಳಿಮಳೆಯ ಬೆನ್ನಿಗೆ ಕರೆಂಟು ಹೋಗುವುದು ಹೊಸದೇನಲ್ಲ, ಚಾರ್ಜ್ ಮಾಡಿದ ಎರಡು ದೀಪಗಳು ಕೈಗೆ ಸಿಗುವಂತಿರಲಿ.

ಗಾಜು, ಟೈಲ್ಸ್, ಕಾಂಕ್ರೀಟು ಸೇರಿದಲ್ಲಿ ಮಾತು ಪ್ರತಿಧ್ವನಿಸುತ್ತದೆ. ಒಬ್ಬರ ದನಿ ಏರಿದರೆ ಎಲ್ಲರೂ ದನಿ ಏರಿಸಬೇಕಾಗುತ್ತದೆ. ನೆಲದ ಹಾಸು, ದಿಂಬು, ಪರದೆಗಳು ಇದನ್ನು ಬಹುಮಟ್ಟಿಗೆ ಹೀರಿಕೊಳ್ಳುತ್ತವೆ, ಅಲಂಕಾರದ ಬಟ್ಟೆಗೆ ಇದೂ ಒಂದು ಉಪಯೋಗ. ಹಾಡು ಬೇಕೆಂದಿದ್ದರೆ ಸ್ಪೀಕರನ್ನು ಬಾಲ್ಕನಿಯಲ್ಲಿಡದೆ ಹಾಲಿನೊಳಗೆ ಇಡಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ, ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ. ನಿಯಮಕ್ಕಿಂತ ಹೆಚ್ಚು ಫಲ ಕೊಡುವುದು ಹಿಂದಿನ ದಿನ ಮೇಲಿನ, ಕೆಳಗಿನ ಮತ್ತು ಪಕ್ಕದ ಮನೆಯವರಿಗೆ ಹೇಳುವ ಒಂದು ಮಾತು: "ನಾಳೆ ಸಂಜೆ ನಾಲ್ಕಾರು ಜನ ಬರ್ತಾರೆ ಆಂಟಿ, ಹತ್ತು ಗಂಟೆಯೊಳಗೆ ಮುಗಿಸ್ತೀವಿ. ಸದ್ದು ಜಾಸ್ತಿ ಅನ್ನಿಸಿದರೆ ಒಂದು ಫೋನ್ ಮಾಡಿ." ಚುರುಮುರಿಯ ಒಂದು ದೊನ್ನೆ ಅವರ ಮನೆಗೂ ಹೋದರೆ ಇನ್ನೂ ಒಳ್ಳೆಯದು.

ಆ ದಿನ ಮತ್ತು ಮಾರನೆಯ ದಿನ

ಏಪ್ರಿಲ್‌ನಲ್ಲಿ ಸೂರ್ಯಾಸ್ತ ಆರೂವರೆಯ ಸುಮಾರಿಗೆ ಆಗುವುದರಿಂದ ಅತಿಥಿಗಳನ್ನು ಏಳು ಗಂಟೆಗೆ ಕರೆಯುವುದು ಸೂಕ್ತ. ಊರಿನ ಟ್ರಾಫಿಕ್ಕಿನಲ್ಲಿ ಏಳು ಎಂದರೆ ಏಳೂವರೆ, ಅಷ್ಟರಲ್ಲಿ ಗೋಡೆಯ ಕಾವೂ ಇಳಿದಿರುತ್ತದೆ. ಕಲಬುರಗಿಯಂಥ ಊರುಗಳಲ್ಲಿ ಎಂಟಕ್ಕೆ ಮೊದಲು ಕರೆಯುವುದರಲ್ಲಿ ಅರ್ಥವಿಲ್ಲ. ಗೇಟಿನ ಸೆಕ್ಯುರಿಟಿಯವರಿಗೆ ಹೆಸರುಗಳನ್ನೂ ವಾಹನ ನಿಲ್ಲಿಸುವ ಜಾಗವನ್ನೂ ಮೊದಲೇ ತಿಳಿಸಿಡಿ. ಒಂಬತ್ತೂಕಾಲರ ಸುಮಾರಿಗೆ ಮೊಸರನ್ನ ಬಡಿಸಿದರೆ ಹತ್ತರ ಹೊತ್ತಿಗೆ ಎಲೆಅಡಿಕೆಯ ತಟ್ಟೆ ಬರುತ್ತದೆ. ಅದು ಬಂದಿತೆಂದರೆ ಹೊರಡುವ ಸಮಯವಾಯಿತೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಎಷ್ಟೇ ದಣಿವಾಗಿದ್ದರೂ ಮಲಗುವ ಮುನ್ನ ಮೂರು ಕೆಲಸ ಮುಗಿಸಬೇಕು. ತಿಂಡಿಯ ಚೂರುಗಳನ್ನು ಗುಡಿಸದಿದ್ದರೆ ಬೆಳಗಾಗುವಷ್ಟರಲ್ಲಿ ಇರುವೆಯ ಸಾಲು ಹಾಲಿನವರೆಗೆ ಬಂದಿರುತ್ತದೆ. ದೀಪಗಳ ಪ್ಲಗ್‌ಗಳನ್ನು ಕೀಳಬೇಕು. ಕಿಟಕಿಗಳ ಚಿಲಕ ಹಾಕಬೇಕು. ಜಮಖಾನ, ದಿಂಬುಗಳನ್ನು ಮಾರನೆಯ ದಿನ ಎಳೆಬಿಸಿಲಿಗೆ ಹರಡಿ ಒಣಗಿಸಿ ಮಡಚಿಟ್ಟರೆ ಬೆವರಿನ ವಾಸನೆ ಉಳಿಯುವುದಿಲ್ಲ. ಲಾವಂಚದ ತಟ್ಟಿಯನ್ನು ಒದ್ದೆಯಾಗಿಯೇ ಸುತ್ತಿಟ್ಟರೆ ಬೂಷ್ಟು ಹಿಡಿಯುತ್ತದೆ, ಅದನ್ನೂ ಪೂರ್ತಿ ಒಣಗಿಸಿ. ಉರುಳಿಯ ನೀರನ್ನೂ ಕುಂಡಗಳ ಕೆಳಗಿನ ತಟ್ಟೆಗಳಲ್ಲಿ ನಿಂತ ನೀರನ್ನೂ ಅಂದೇ ಚೆಲ್ಲಿ, ಪಾತ್ರೆಯ ಒಳ ಅಂಚನ್ನು ಉಜ್ಜಿ ತೊಳೆಯಬೇಕು. ಈಡಿಸ್ ಸೊಳ್ಳೆ ಮೊಟ್ಟೆಯನ್ನು ನೀರಿನ ಅಂಚಿನ ಮೇಲ್ಭಾಗದಲ್ಲಿ ಅಂಟಿಸುವುದರಿಂದ ಬರಿದೇ ನೀರು ಚೆಲ್ಲಿದರೆ ಮೊಟ್ಟೆ ಹೋಗುವುದಿಲ್ಲ, ಮತ್ತೆ ನೀರು ತುಂಬಿದಾಗ ಒಂದು ವಾರ ಹತ್ತು ದಿನಗಳಲ್ಲಿ ಹೊಸ ಸೊಳ್ಳೆಗಳು ಏಳುತ್ತವೆ.